ರಸ್ತೆ ಕಡೆಯ ಬಾಲ್ಕನಿ ಸೊಪ್ಪು: ಎಲೆ ಮೇಲಿನ ಕಪ್ಪು ಏನು, ತಿನ್ನಬಹುದಾ?

ಬಸ್ಸು, ಲಾರಿ ಓಡಾಡುವ ರಸ್ತೆಗೆ ಎದುರಾಗಿ ಮೊದಲ ಮಹಡಿಯ ಬಾಲ್ಕನಿ, ಪಾಲಕ್ ಎಲೆ ಮೇಲೆ ಕಪ್ಪು ಕೂರುತ್ತಿದೆ, ಮಕ್ಕಳಿಗೆ ಕೊಡಬಹುದಾ ಅಂತ ಕೇಳಿದ್ದೀರಿ. ಬೆಳೆಯುವುದನ್ನು ಬಿಡಬೇಡಿ. ಆದರೆ ಕುಂಡಗಳ ಜಾಗ ಬದಲಾಯಿಸಬೇಕಾಗುತ್ತದೆ.

ಮೊದಲು ಆ ಕಪ್ಪು ಹೊಗೆಯದ್ದೇನಾ ನೋಡಿ. ಒದ್ದೆ ಬಿಳಿ ಬಟ್ಟೆಯಿಂದ ರಸ್ತೆ ಕಡೆಯ ಒಂದು ಎಲೆ, ಒಳಗಡೆಯ ಒಂದು ಎಲೆ ಒರೆಸಿ. ನಾನು ಒರೆಸಿದಾಗ ರಸ್ತೆ ಕಡೆಯದು ಕಾಡಿಗೆ ಹಚ್ಚಿದ ಹಾಗೆ ಬಂತು, ಒಳಗಿನದು ಬರೀ ಮಣ್ಣಿನ ಬಣ್ಣ. ಹಾಗಿದ್ದರೆ ಅದು ವಾಹನದ ಮಸಿ. ಎಲೆ ಅಂಟಂಟಾಗಿದ್ದು, ಕಪ್ಪು ಪದರ ಸಿಪ್ಪೆಯ ಥರ ಎದ್ದು ಬಂದು, ಇರುವೆ ಓಡಾಡುತ್ತಿದ್ದರೆ ಎಲೆ ತಿರುಗಿಸಿ ನೋಡಿ. ಅಲ್ಲಿ ಹೇನೋ ಬಿಳಿನೊಣವೋ ಸಿಗುತ್ತದೆ. ಅವು ಬಿಡುವ ಸಿಹಿ ಅಂಟಿನ ಮೇಲೆ ಬೆಳೆದ ಬೂಷ್ಟು ಅದು. ಅದಕ್ಕೆ ಹುಳದ ಮದ್ದೇ ಬೇರೆ.

ರಸ್ತೆಯದ್ದೇ ಆಗಿದ್ದರೆ ಅದರಲ್ಲಿ ಡೀಸೆಲ್ ಮಸಿಯ ಜೊತೆ ಬ್ರೇಕ್ ಸವೆದ ಲೋಹದ ಪುಡಿ, ಟೈರಿನ ಪುಡಿ ಎಲ್ಲ ಇರುತ್ತದೆ. ಗಾಡಿಗಳೆಲ್ಲ ಎಲೆಕ್ಟ್ರಿಕ್ ಆದರೂ ಟೈರ್ ಸವೆಯುವುದು ನಿಲ್ಲುವುದಿಲ್ಲ. ಪಾತ್ರೆ ತುಂಬ ನೀರಲ್ಲಿ ಸೊಪ್ಪು ಮುಳುಗಿಸಿ, ಅಲ್ಲಾಡಿಸಿ, ಮೂರು ಸಲ ನೀರು ಬದಲಿಸಿದರೆ ಧೂಳು ಬಹುಪಾಲು ಹೋಗುತ್ತದೆ. ಆದರೆ ಇಂಧನ ಅರೆಬರೆ ಉರಿದಾಗ ಹುಟ್ಟುವ ಕೆಲವು ರಾಸಾಯನಿಕಗಳು ಎಲೆಯ ಮೇಣಕ್ಕೆ ಅಂಟಿಬಿಡುತ್ತವೆ, ಬರೀ ನೀರಿಗೆ ಬಿಡುವುದಿಲ್ಲ. ಅದಕ್ಕೇ ಸೊಪ್ಪಿನ ಕುಂಡ ಮನೆಯ ಹಿಂಬದಿಗೆ ಹೋಗಲಿ ಅನ್ನುತ್ತೇನೆ. ರಸ್ತೆ ಕಡೆಗೆ ಸೋರೆ, ಹೀರೆ, ಬಟಾಣಿ ಹಾಕಿ. ಸಿಪ್ಪೆ ಹೆರೆದು ಅಥವಾ ಸುಲಿದು ತಿನ್ನುವಂಥವು ಅಲ್ವಾ, ಕೂತ ಮಸಿ ಸಿಪ್ಪೆ ಜೊತೆಗೇ ಹೋಗುತ್ತದೆ.

ರಸ್ತೆ ಬದಿಯ ಮಣ್ಣನ್ನು ಮಾತ್ರ ಕುಂಡಕ್ಕೆ ತುಂಬಲೇಬೇಡಿ. ಪೆಟ್ರೋಲಿಗೆ ಸೀಸ ಬೆರೆಸುವುದು 1920ರ ದಶಕದಲ್ಲಿ ಶುರುವಾಯಿತು. ಕಾರುಗಳ ಪೆಟ್ರೋಲಿನಿಂದ ಅದು ಲೋಕದಲ್ಲೆಲ್ಲ ಪೂರ್ತಿ ಹೋದದ್ದು 2021ರಲ್ಲಿ, ಕೊನೆಗೆ ನಿಲ್ಲಿಸಿದ ದೇಶ ಅಲ್ಜೀರಿಯಾ. ಹೊಗೆಯಿಂದ ಸೀಸ ಹೋಯಿತು, ಹಳೇ ರಸ್ತೆಗಳ ಪಕ್ಕದ ಮೇಲ್ಮಣ್ಣಿನಿಂದ ಹೋಗಿಲ್ಲ. ಗಿಡದ ಬುಡಕ್ಕೆ ಒಣ ಎಲೆ ಹೊದಿಸಿ, ನೀರು ಹಾಕುವಾಗ ಮಣ್ಣು ಎಲೆಗೆ ಸಿಡಿಯುವುದಿಲ್ಲ.

ಇನ್ನು ನನ್ನ ನಿಜವಾದ ಚಿಂತೆ ಪಾಲಕ್ ಬಗ್ಗೆ ಅಲ್ಲ, ಗಿಡದ ಹತ್ತಿರ ನಿಂತ ನಿಮ್ಮ ಬಗ್ಗೆ. ಎಲೆ ಮೇಲೆ ಕಣ್ಣಿಗೆ ಕಾಣುವುದು ದಪ್ಪ ಧೂಳು. ಪಿಎಂ 2.5 ಅನ್ನುವ ಕಣ ನಮ್ಮ ಕೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ, ಸೀದಾ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಸೊಪ್ಪನ್ನು ತೊಳೆಯಬಹುದು, ಉಸಿರನ್ನು ತೊಳೆಯಲು ಆಗುತ್ತಾ?

ಆದ್ದರಿಂದ ಹೊತ್ತು ನೋಡಿ ಕೆಲಸ ಮಾಡಿ. ಚಳಿಗಾಲದ ಬೆಳಿಗ್ಗೆ ನೆಲದ ಹತ್ತಿರದ ತಣ್ಣನೆ ಗಾಳಿ ಮೇಲೇಳದೆ ಹಾಗೇ ನಿಂತಿರುತ್ತದೆ, ಅದೇ ಹೊತ್ತಿಗೆ ಟ್ರಾಫಿಕ್ಕೂ ಜಾಸ್ತಿ. ನೀರು ಹಾಕುವುದನ್ನು ಅದಕ್ಕೂ ಮುಂಚೆ ಬೇಗ ಮುಗಿಸಿ. ಕುಂಡ ಬದಲಿಸುವ, ಕಳೆ ಕೀಳುವ ನಿಧಾನದ ಕೆಲಸಗಳನ್ನು ಬಿಸಿಲೇರಿ ಹೊಗೆ ಚದುರಿದ ಮೇಲೆ ಇಟ್ಟುಕೊಳ್ಳಿ. ಆಗ ಮಕ್ಕಳನ್ನೂ ಕರೆದುಕೊಳ್ಳಬಹುದು.

ಕಂಬಿಗೆ ದಟ್ಟವಾದ ಬಳ್ಳಿ ಹಬ್ಬಿಸಿದರೆ ಒಂದಿಷ್ಟು ಧೂಳು ಅಲ್ಲೇ ತಡೆಯುತ್ತದೆ. ಆದರೆ ನಾಲ್ಕು ಕುಂಡ ಇಟ್ಟರೆ ಮನೆಯ ಗಾಳಿ ಶುದ್ಧವಾಗುತ್ತದೆ ಅನ್ನುವುದನ್ನು ನಂಬಬೇಡಿ. ಆ ಬಳ್ಳಿಯ ಎಲೆಗಳಿಗೂ ವಾರಕ್ಕೊಮ್ಮೆ ಬೆಳಿಗ್ಗೆ ನೀರು ಚಿಮುಕಿಸಿ ತೊಳೆಯಿರಿ, ಮಸಿ ಮುಚ್ಚಿದ ಎಲೆಗೆ ಬೆಳಕು ಸಾಲುವುದಿಲ್ಲ. ಬಟ್ಟೆಯಿಂದ ಒರೆಸಿ ನೋಡಿದ ಮೇಲೆ ಎಲೆಯ ಅಡಿಭಾಗದ ಫೋಟೋ ಇಲ್ಲಿ ಹಾಕಿ, ಹುಳ ಇದೆಯಾ ನೋಡೋಣ.