ಕೆಲಸ ಮಾಡದ ದಿನಕ್ಕೂ ದುಡ್ಡಾ?

ಓದುಗರ ಪತ್ರ: ನನ್ನ ಅಕ್ಕನ ಮಗಳು ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಒಂದು ದೊಡ್ಡ ಬರ್ಗರ್ ಕಂಪನಿಯ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಹೋದ ತಿಂಗಳು ಒಂದು ದಿನ ಬೆಳಿಗ್ಗೆ ಫೋನ್ ಮಾಡಿ ‘ಇವತ್ತು ಬರಬೇಡ’ ಅಂದರಂತೆ. ಅದಕ್ಕೆ 75 ಡಾಲರ್ ಕೊಟ್ಟರಂತೆ. ಕೆಲಸ ಮಾಡದ ದಿನಕ್ಕೂ ದುಡ್ಡಾ? ಹಾಸನದಲ್ಲಿ ನನ್ನದೊಂದು ಬೇಕರಿ ಇದೆ, ಆರು ಜನ ಹುಡುಗರಿದ್ದಾರೆ. ಇಂಥ ಕಾನೂನು ಇಲ್ಲಿಗೂ ಬಂದರೆ ನಾನು ಬಾಗಿಲು ಹಾಕಬೇಕಾಗುತ್ತದೆ. ಇನ್ನೊಂದು ದಿನ ರಾತ್ರಿ 11:30ಕ್ಕೆ ಅಂಗಡಿ ಮುಚ್ಚಿದವಳು ಬೆಳಿಗ್ಗೆ 6:30ಕ್ಕೆ ಹೋಗಿ ತಾನೇ ತೆಗೆದಳಂತೆ. ಅದಕ್ಕೆ ಏನೂ ಬರಲಿಲ್ಲ. ಕೇಳೋಕೆ ಭಯ ಅಂತಾಳೆ. ಇದು ಯಾವ ಲೆಕ್ಕ?

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ಆ 75 ಡಾಲರ್ ಲೆಕ್ಕವನ್ನೇ ನೋಡೋಣ.

2026ರ ಜನವರಿಯಿಂದ ನ್ಯೂಯಾರ್ಕ್ ನಗರದಲ್ಲಿ ಕನಿಷ್ಠ ಕೂಲಿ ಗಂಟೆಗೆ 17 ಡಾಲರ್. ಎಂಟು ಗಂಟೆಯ ಶಿಫ್ಟ್ ಅಂದುಕೊಂಡರೆ 136 ಡಾಲರ್. ‘ಬರಬೇಡ’ ಅಂದ ತಕ್ಷಣ ಅಷ್ಟೂ ಹೋಯಿತು. ಬಂದದ್ದು 75. ಅಂದರೆ ಆ ಹುಡುಗಿಗೆ ಆ ದಿನ ಕೈಬಿಟ್ಟದ್ದೇ 61 ಡಾಲರ್. ನೀವು ಬಂದದ್ದನ್ನು ಬರೆದಿರಿ, ಹೋದದ್ದನ್ನು ಬರೆಯಲಿಲ್ಲ. ನಿಮ್ಮ ತಪ್ಪಲ್ಲ. ಹೋದ ಕೂಲಿ ಯಾವ ಚೀಟಿಯಲ್ಲೂ ಕಾಣುವುದಿಲ್ಲ.

ಇದು ನನಗೆ ಗೊತ್ತಿರುವ ನೋವು. ಪತ್ರಿಕೆ ಕೆಲಸಕ್ಕೆ ಬರುವ ಮೊದಲು ಎರಡು ವರ್ಷ ಒಂದು ಬಟ್ಟೆ ಅಂಗಡಿಯಲ್ಲಿದ್ದೆ. ಬೆಳಿಗ್ಗೆ ಬಸ್ಸು ಹಿಡಿದು ಹೋದರೆ ಒಮ್ಮೊಮ್ಮೆ ಬಾಗಿಲಲ್ಲೇ ‘ಇವತ್ತು ವ್ಯಾಪಾರ ಇಲ್ಲ, ನಾಳೆ ಬಾ’ ಅನ್ನೋರು. ದಿನಗೂಲಿ ಇಲ್ಲ, ಬಸ್ ಚಾರ್ಜ್ ದಂಡ. ಬೇರೆ ಕಡೆ ಕೆಲಸ ಹುಡುಕೋಣ ಅಂದರೆ ಅಷ್ಟೊತ್ತಿಗೆ ಹೊತ್ತು ಮೀರಿರುತ್ತಿತ್ತು. ಹಿಂದಿನ ರಾತ್ರಿಯೇ ಹೇಳಿದ್ದರೆ ಅಪ್ಪನ ಜೊತೆ ತೋಟಕ್ಕಾದರೂ ಹೋಗಬಹುದಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ. ನಾನು ಆ ದಿನ ಕೆಲಸ ಮಾಡಿರಲಿಲ್ಲ, ನಿಜ. ಆದರೆ ಆ ದಿನವನ್ನು ಅಂಗಡಿಗೆ ಅಂತ ಎತ್ತಿಟ್ಟಿದ್ದೆ.

ನ್ಯೂಯಾರ್ಕ್‌ನ ಕಾನೂನು ಬೆಲೆ ಕಟ್ಟಿರುವುದು ಹೀಗೆ ಎತ್ತಿಟ್ಟ ಹೊತ್ತಿಗೆ. 2017ರ ನವೆಂಬರ್ 26ರಿಂದ ಅದು ಜಾರಿಯಲ್ಲಿದೆ. ಫಾಸ್ಟ್ ಫುಡ್ ಅಂಗಡಿಯವರು 14 ದಿನ ಮುಂಚೆಯೇ ಶಿಫ್ಟ್ ಪಟ್ಟಿ ಕೊಡಬೇಕು. ಆಮೇಲೆ ಬದಲಾಯಿಸಬಾರದು ಅಂತೇನಿಲ್ಲ, ಬದಲಾಯಿಸಿದರೆ ದುಡ್ಡು ಕೊಡಬೇಕು. ಗಂಟೆ ಕಡಿಮೆ ಮಾಡಿದರೆ, ಶಿಫ್ಟ್ ರದ್ದು ಮಾಡಿದರೆ 20 ಡಾಲರ್. ಏಳು ದಿನಕ್ಕಿಂತ ಕಡಿಮೆ ಇರುವಾಗ ಹೇಳಿದರೆ 45. ಕೊನೆಯ 24 ಗಂಟೆಯೊಳಗೆ ಹೇಳಿದರೆ 75. ಗಂಟೆ ಜಾಸ್ತಿ ಮಾಡಿದರೆ ಅಥವಾ ವೇಳೆ ಮಾತ್ರ ಬದಲಿಸಿದರೆ 10 ಅಥವಾ 15 ಡಾಲರ್, ಜಾಸ್ತಿ ಗಂಟೆಯ ಕೂಲಿ ಬೇರೆ. ಹೆಚ್ಚಿನ ಗಂಟೆ ನನಗೆ ಬೇಡ ಅನ್ನುವ ಹಕ್ಕೂ ಕೆಲಸದವರಿಗಿದೆ. ಚಂಡಮಾರುತ ಬಂದು ಅಂಗಡಿ ಮುಚ್ಚಿದರೆ, ಕೆಲಸದವರೇ ರಜೆ ಕೇಳಿದರೆ, ಇಬ್ಬರು ತಮ್ಮೊಳಗೆ ಶಿಫ್ಟ್ ಅದಲುಬದಲು ಮಾಡಿಕೊಂಡರೆ ಮಾಲೀಕರು ಏನೂ ಕೊಡಬೇಕಾಗಿಲ್ಲ.

ಇನ್ನು ನಿಮ್ಮ ಬೇಕರಿ ವಿಷಯ. ನಾನು ಹೇಳಿದ ಈ ನಿಯಮಗಳು ಇರುವುದು ಅಮೆರಿಕದಲ್ಲಿ 30 ಅಥವಾ ಅದಕ್ಕಿಂತ ಹೆಚ್ಚು ಅಂಗಡಿ ಇರುವ ಕಂಪನಿಗಳ ಫಾಸ್ಟ್ ಫುಡ್ ಅಂಗಡಿಗಳಿಗೆ ಮಾತ್ರ. ಅಮೆರಿಕದ ಸಿಯಾಟಲ್ ನಗರದಲ್ಲೂ ಇಂಥ ಕಾನೂನಿದೆ, ಅದು ಹಿಡಿಯುವುದು 500 ಅಥವಾ ಹೆಚ್ಚು ಕೆಲಸಗಾರರಿರುವ ಕಂಪನಿಗಳನ್ನು. ಆರು ಹುಡುಗರ ಬೇಕರಿ ಕ್ವೀನ್ಸ್‌ನಲ್ಲೇ ಇದ್ದಿದ್ದರೂ ಈ ಕಾನೂನು ಅದರ ಹತ್ತಿರ ಬರುತ್ತಿರಲಿಲ್ಲ. ಮದುವೆ ಮನೆಯವರು ಹಿಂದಿನ ದಿನ ಬಂದು ಐನೂರು ಪಫ್ಸ್ ಬೇಕು ಅಂದರೆ ನೀವೇನು ಮಾಡುತ್ತೀರಿ? ಹುಡುಗರನ್ನು ಕರೆಯಲೇಬೇಕು. ಆ ಕಷ್ಟ ನನಗೆ ಅರ್ಥವಾಗುತ್ತದೆ.

ಆದರೆ ಅಲ್ಲಿನ ದೊಡ್ಡ ಕಂಪನಿಗಳ ಕಥೆ ಬೇರೆ. ಯಾವ ಗಂಟೆಗೆ ಎಷ್ಟು ಗಿರಾಕಿ ಬರಬಹುದು ಅಂತ ಕಂಪ್ಯೂಟರ್ ಅಂದಾಜು ಹಾಕುತ್ತದೆ. ಅಷ್ಟೇ ಜನರನ್ನು ಕರೆಸುತ್ತಾರೆ. ಅಂದಾಜು ತಪ್ಪಿದರೆ ಇದ್ದವರನ್ನೂ ಮನೆಗೆ ಕಳಿಸುತ್ತಾರೆ. ವ್ಯಾಪಾರ ಏರಲಿ ಇಳಿಯಲಿ, ನಷ್ಟವೆಲ್ಲ ಗಂಟೆ ಲೆಕ್ಕದಲ್ಲಿ ದುಡಿಯುವವರ ತಲೆ ಮೇಲೆ. ಮಗುವನ್ನು ಯಾರ ಹತ್ತಿರ ಬಿಡಬೇಕು, ಈ ತಿಂಗಳ ಬಾಡಿಗೆಗೆ ಎಷ್ಟು ಸೇರುತ್ತದೆ, ಯಾವುದೂ ಅವರಿಗೆ ಗೊತ್ತಿರುವುದಿಲ್ಲ. ಅಮೆರಿಕದ ಕೇಂದ್ರ ಕಾನೂನು 1938ರದ್ದು. ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಕೂಲಿ ಅನ್ನುತ್ತದೆ. ಶಿಫ್ಟ್ ಪಟ್ಟಿ ಯಾವಾಗ ಕೊಡಬೇಕು ಅಂತ ಅದರಲ್ಲಿಲ್ಲ. ಅದಕ್ಕೇ ಊರುಗಳೇ ಮುಂದೆ ಬಂದವು. 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, 2016ರಲ್ಲಿ ಸಿಯಾಟಲ್, 2017ರಲ್ಲಿ ನ್ಯೂಯಾರ್ಕ್, ಆಮೇಲೆ ಷಿಕಾಗೊ, ಫಿಲಡೆಲ್ಫಿಯಾ, ಲಾಸ್ ಏಂಜಲೀಸ್. ಸಿಯಾಟಲ್‌ನಲ್ಲಿ ಶಿಫ್ಟ್ ಕಡಿತ ಮಾಡಿದರೆ, ಕೈತಪ್ಪಿದ ಗಂಟೆಗಳಿಗೆ ಅರ್ಧ ಕೂಲಿ ಕೊಡಬೇಕು. ಆ ಊರಿನ ಕೆಲಸಗಾರರನ್ನು ಬೇರೆ ಊರಿನವರ ಜೊತೆ ಹೋಲಿಸಿ ನೋಡಿದ ಸಂಶೋಧಕರು ಕಾನೂನು ಬಂದ ಮೇಲೆ ಅವರ ನಿದ್ದೆ ಸುಧಾರಿಸಿದೆ ಅಂತ ಕಂಡುಕೊಂಡರು. ನನಗೆ ಇದು ದುಡ್ಡಿಗಿಂತ ದೊಡ್ಡ ಮಾತು ಅನ್ನಿಸಿತು.

ನಮ್ಮಲ್ಲಿ? 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ವಾರದ ರಜೆ ಇದೆ. ಹೆಚ್ಚುವರಿ ಗಂಟೆಗಳ ಕೆಲಸಕ್ಕೆ ದುಪ್ಪಟ್ಟು ಕೂಲಿ ಇದೆ. ಈ ಒಂದು ವಿಷಯದಲ್ಲಿ ನಮ್ಮ ಕಾನೂನು ಅಮೆರಿಕದ್ದಕ್ಕಿಂತ ಮೇಲು. ಆದರೆ ನಾಳೆಯ ಶಿಫ್ಟನ್ನು ಇವತ್ತು ರಾತ್ರಿ ಬದಲಾಯಿಸಿದರೆ ಏನು ಕೊಡಬೇಕು ಅನ್ನೋದು ಅದರಲ್ಲಿಲ್ಲ. ಬೆಂಗಳೂರಿನ ಮಾಲ್‌ಗಳಲ್ಲಿ ನಿಂತು ದುಡಿಯುವ ನಮ್ಮ ಮಕ್ಕಳಿಗೆ ಅದು ಬೇಕು. ದೊಡ್ಡ ಕಂಪನಿಗಳಿಗಾದರೂ ಇಂಥ ನಿಯಮ ಬರಲಿ ಅಂತ ನಾನು ಬಯಸುತ್ತೇನೆ. ನೀವು ಒಪ್ಪದಿದ್ದರೆ ಮತ್ತೆ ಬರೆಯಿರಿ, ಖಂಡಿತ ಅಚ್ಚು ಹಾಕುತ್ತೇವೆ.

ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಕೊನೆಯ ಮಾತು. ರಾತ್ರಿ 11:30ಕ್ಕೆ ಮುಚ್ಚಿ ಬೆಳಿಗ್ಗೆ 6:30ಕ್ಕೆ ತೆಗೆಯೋದು. ಮಧ್ಯೆ ಏಳೇ ಗಂಟೆ. ಅದರಲ್ಲೇ ಮನೆಗೆ ಹೋಗಬೇಕು, ಮಲಗಬೇಕು, ಎದ್ದು ಮತ್ತೆ ಬರಬೇಕು. ಕ್ಲೋಸಿಂಗ್, ಓಪನಿಂಗ್ ಎರಡನ್ನೂ ಸೇರಿಸಿ ಅಲ್ಲಿನವರು ಇದನ್ನು ‘ಕ್ಲೋಪನಿಂಗ್’ ಅಂತಾರೆ. ನ್ಯೂಯಾರ್ಕ್ ಕಾನೂನಿನಲ್ಲಿ ಆ ಎರಡು ಶಿಫ್ಟ್‌ಗಳ ನಡುವೆ 11 ಗಂಟೆ ಬಿಡುವಿರಬೇಕು. ಕಡಿಮೆಯಾದರೆ ಅವಳ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಬೇಕು, ಅದರ ಮೇಲೆ 100 ಡಾಲರ್ ಕೊಡಬೇಕು. ಒಪ್ಪಿ ಸಹಿ ಹಾಕಿದ್ದರೂ ಆ 100 ಡಾಲರ್ ಅವಳದೇ.

ಭಯ ಬೇಡ ಅಂತ ದೂರ ಕೂತು ಹೇಳೋದು ಸುಲಭ, ಅಲ್ವಾ? ಅದಕ್ಕೇ ಗೊತ್ತಿರುವುದನ್ನು ಹೇಳುತ್ತೇನೆ. ಹಕ್ಕು ಕೇಳಿದ್ದಕ್ಕೆ ಶಿಕ್ಷೆ ಕೊಡುವುದು ಅಲ್ಲಿ ಕಾನೂನಿಗೆ ವಿರುದ್ಧ. ಯಾವ ವೀಸಾದಲ್ಲಿದ್ದರೂ ಈ ಹಕ್ಕು ಇದೆ. 311ಕ್ಕೆ ಫೋನ್ ಮಾಡಿದರೆ ನಗರದ ಗ್ರಾಹಕ ಮತ್ತು ಕಾರ್ಮಿಕ ರಕ್ಷಣಾ ಇಲಾಖೆಗೆ ದೂರು ಕೊಡುವ ದಾರಿ ಹೇಳುತ್ತಾರೆ. ಆ ಇಲಾಖೆ ಸುಮ್ನೆ ಕೂತಿಲ್ಲ. 2022ರಲ್ಲಿ ಚಿಪೋಟ್ಲೆ ಅನ್ನುವ ಫಾಸ್ಟ್ ಫುಡ್ ಕಂಪನಿ ಈ ಕಾನೂನು ಮುರಿದ ಪ್ರಕರಣದಲ್ಲಿ ಸುಮಾರು 13,000 ಕೆಲಸಗಾರರಿಗೆ 2 ಕೋಟಿ ಡಾಲರ್ ಕೊಡಲು ಒಪ್ಪಿತು. ದುಡಿದ ಒಂದೊಂದು ವಾರಕ್ಕೆ 50 ಡಾಲರ್. 2025ರ ಡಿಸೆಂಬರ್‌ನಲ್ಲಿ ಸ್ಟಾರ್‌ಬಕ್ಸ್ 3.89 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಇವೆಲ್ಲ ಶುರುವಾದದ್ದು ಕೆಲಸಗಾರರು ಬಾಯಿಬಿಟ್ಟು ದೂರು ಹೇಳಿದ್ದರಿಂದ.

ಹಾಗಾಗಿ ಇವತ್ತೇ ನಿಮ್ಮ ಅಕ್ಕನ ಮಗಳಿಗೆ ಫೋನ್ ಮಾಡಿ. ಆ ರಾತ್ರಿಯ ತಾರೀಕು ನೆನಪಿದೆಯಾ ಕೇಳಿ. ಶಿಫ್ಟ್ ಪಟ್ಟಿಯ ಫೋಟೊ, ಮ್ಯಾನೇಜರ್ ಕಳಿಸಿದ ಮೆಸೇಜು, ಸಂಬಳದ ಚೀಟಿ ಇದ್ದರೆ ಅಳಿಸಬೇಡ ಅನ್ನಿ. ಮೊದಲು ಮ್ಯಾನೇಜರ್‌ಗೇ ಮೆಸೇಜ್ ಹಾಕಿ ಕೇಳಲಿ. 75 ಡಾಲರ್ ಕೊಟ್ಟಿದ್ದಾರೆ ಅಂದರೆ ಅವರಿಗೆ ಕಾನೂನು ಗೊತ್ತಿದೆ. ಕೊಡದಿದ್ದರೆ ದೂರು ಕೊಡಲಿ. ಅದಕ್ಕೆ ಎರಡು ವರ್ಷ ಸಮಯವಿದೆ.

— ಸಂಪಾದಕ