ನಿಮ್ಮ ಪ್ರಶ್ನೆ, ನಮ್ಮ ಮಾತು: ದುಡ್ಡಿಗಿಂತ ಜಾಸ್ತಿ ಓಡಾಡುವವರು ಬೇಕು

ಹೋದ ಸಂಚಿಕೆಯಲ್ಲಿ ನಮ್ಮ ಹಾಸನದ ಬಳಗದ ಬಗ್ಗೆ ಬರೆದಿದ್ದೆ. ಬಡಾವಣೆಯ ಕೆಲವು ಮನೆಯವರು ತಿಂಗಳಿಗಿಷ್ಟು ಅಂತ ಹಾಕುತ್ತೇವೆ. ಅಕ್ಕಪಕ್ಕದಲ್ಲಿ ಯಾರಿಗಾದರೂ ಕಷ್ಟ ಬಂದರೆ ರೇಷನ್, ಆಸ್ಪತ್ರೆ ಓಡಾಟ, ಮಕ್ಕಳ ಫೀಸು, ಅರ್ಜಿ ಬರೆಯುವುದು, ಇಷ್ಟು ನೋಡಿಕೊಳ್ಳುತ್ತೇವೆ. ಅದನ್ನು ಓದಿ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಿಂದ ಪತ್ರಗಳು ಬಂದಿವೆ. ಹೆಸರು ಹಾಕಬೇಡಿ ಅಂತ ಹಲವರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಅಕ್ಕ, ನಮ್ಮ ಪಕ್ಕದ ಎಸ್ಟೇಟಿನ ಕೂಲಿಕಾರರ ಲೈನ್ ಮನೆಯಲ್ಲಿದ್ದ ಒಬ್ಬರು ಮರಗಸಿ (ಮರದ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಬಿದ್ದು ತೀರಿಕೊಂಡರು. ಹೆಂಡತಿ ಮತ್ತು ಎರಡು ಸಣ್ಣ ಮಕ್ಕಳಿದ್ದಾರೆ. ಊರವರೆಲ್ಲ ಸೇರಿ ಒಂದಿಷ್ಟು ದುಡ್ಡು, ಅಕ್ಕಿ ಕೊಟ್ಟೆವು. ಇನ್ನೇನು ಮಾಡಬಹುದು? (ಸಕಲೇಶಪುರ ಕಡೆಯಿಂದ)

ನೀವು ಮಾಡಿದ್ದು ದೊಡ್ಡ ಕೆಲಸ. ಆದರೆ ನಿಜವಾದ ಕೆಲಸ ಈಗ ಶುರುವಾಗುತ್ತದೆ. ತಿಥಿ ಮುಗಿಯುವವರೆಗೆ ಮನೆ ತುಂಬ ಜನ ಇರುತ್ತಾರೆ, ಆಮೇಲೆ ಆ ಹೆಂಗಸು ಒಬ್ಬರೇ ಉಳಿಯುತ್ತಾರೆ, ಅಷ್ಟರಲ್ಲಿ ಹತ್ತು ಕಡೆ ಕಾಗದ ಕೊಡಬೇಕಾಗಿರುತ್ತದೆ, ಎಲ್ಲಿಗೆ ಹೋಗಬೇಕು ಅಂತ ಹೇಳುವವರೂ ಇರುವುದಿಲ್ಲ.

ಮೊದಲು ಮರಣ ಪ್ರಮಾಣ ಪತ್ರ. 21 ದಿನದೊಳಗೆ ನೋಂದಣಿ ಮಾಡಿಸಿದರೆ ಸುಲಭ. ಒಂದೇ ಪ್ರತಿ ಸಾಲುವುದಿಲ್ಲ, ನಾಲ್ಕೈದು ಪ್ರತಿ ತೆಗೆದಿಟ್ಟುಕೊಳ್ಳಿ. ಬಿದ್ದು ಸತ್ತಿರುವುದರಿಂದ ಪೊಲೀಸ್ ದೂರಿನ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ ಕೂಡ ಬೇಕು. ಇವೆರಡು ಇಲ್ಲದೆ ಅಪಘಾತದ ವಿಮೆ ಸಿಗುವುದು ಬಹಳ ಕಷ್ಟ.

ಈಗ ಒಂದು ಮುಖ್ಯ ಮಾತು. ತೀರಿಕೊಂಡವರ ಬ್ಯಾಂಕ್ ಪಾಸ್‌ಬುಕ್ಕನ್ನು ಎಂಟ್ರಿ ಮಾಡಿಸಿ, ಮೇ ಕೊನೆ, ಜೂನ್ ಶುರುವಿನ ಸಾಲುಗಳನ್ನು ನೋಡಿ. 20 ರೂಪಾಯಿ ಕಡಿತ ಆಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅಪಘಾತದಲ್ಲಿ ಸತ್ತರೆ 2 ಲಕ್ಷ. 436 ರೂಪಾಯಿ ಕಡಿತ ಆಗಿದ್ದರೆ ಜೀವನ ಜ್ಯೋತಿ ಬಿಮಾ, ಯಾವ ಕಾರಣಕ್ಕೆ ಸತ್ತರೂ 2 ಲಕ್ಷ. ಎರಡೂ ಇದ್ದರೆ ಎರಡೂ ಸಿಗುತ್ತವೆ. ಖಾತೆ ತೆರೆಯುವಾಗ ಬ್ಯಾಂಕಿನವರು ಹೇಳಿದ ಕಡೆ ಸಹಿ ಹಾಕಿರುತ್ತಾರೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಎಷ್ಟೋ ಮನೆಗಳಲ್ಲಿ ಈ ದುಡ್ಡನ್ನು ಯಾರೂ ಕೇಳಲೇ ಇಲ್ಲ ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಸಾಧ್ಯವಾದರೆ 30 ದಿನದೊಳಗೆ ಅರ್ಜಿ ಕೊಡಿಸಿ.

ಎಸ್ಟೇಟಿನಲ್ಲಿ ಪಿಎಫ್ ಹಿಡಿಯುತ್ತಿದ್ದರಾ ಕೇಳಿ. ಹಿಡಿಯುತ್ತಿದ್ದರೆ ಆ ಹಣದ ಜೊತೆಗೆ ಹೆಂಡತಿಗೂ ಮಕ್ಕಳಿಗೂ ಪಿಂಚಣಿ ಇದೆ, ಇಡಿಎಲ್‌ಐ ಅನ್ನುವ ವಿಮೆಯೂ ಇದೆ. ಒಂದು ವರ್ಷ ಬಿಡದೆ ಕೆಲಸ ಮಾಡಿದ್ದರೆ ಅದರಲ್ಲಿ ಕನಿಷ್ಠ 2.5 ಲಕ್ಷ ಬರುತ್ತದೆ. ಕೆಲಸ ಮಾಡುವಾಗಲೇ ಸಾವಾಗಿದ್ದರಿಂದ ಮಾಲೀಕರಿಂದ ಪರಿಹಾರ ಕೇಳುವುದು ಕಾನೂನಿನ ಹಕ್ಕು, ಅದು ಭಿಕ್ಷೆ ಅಲ್ಲ. ಮೊದಲು ಮಾತಾಡಿ ನೋಡಿ, ಮರ್ಯಾದೆಯಿಂದ ಬಗೆಹರಿಸುವ ಬೆಳೆಗಾರರು ಎಷ್ಟೋ ಜನ ಇದ್ದಾರೆ. ಆಗಲಿಲ್ಲ ಅಂದರೆ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಅಲ್ಲಿ ವಕೀಲರು ಉಚಿತ, ಆದಾಯ ಎಷ್ಟು ಅಂತ ಕೇಳುವುದಿಲ್ಲ. 15100ಕ್ಕೆ ಫೋನ್ ಕೂಡ ಮಾಡಬಹುದು.

ಬಿಪಿಎಲ್ ಕಾರ್ಡ್ ಇದ್ದು, ದುಡಿಯುವವರು 60 ವರ್ಷದೊಳಗೆ ತೀರಿಕೊಂಡಿದ್ದರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ 20,000 ರೂಪಾಯಿ ಇದೆ. ವಿಧವಾ ವೇತನ ತಿಂಗಳಿಗೆ 800 ರೂಪಾಯಿ, ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಎಂಟುನೂರು ಏನು ಮಹಾ ಅನ್ನಬೇಡಿ, ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆ ಆದಾಗ ಗ್ಯಾಸಿಗೋ ಮಕ್ಕಳ ಔಷಧಿಗೋ ಅದೇ ಆಗುತ್ತದೆ.

ಇನ್ನೊಂದು ವಿಷಯ ನೀವು ಬರೆದಿಲ್ಲ, ಆದರೆ ಬಂದೇ ಬರುತ್ತದೆ. ಲೈನ್ ಮನೆ ಸಿಗುವುದು ಕೆಲಸದ ಜೊತೆಗೆ. ಕೆಲಸ ಮಾಡುವವರೇ ಇಲ್ಲ ಅಂದಾಗ ಮನೆ ಬಿಡಿ ಅನ್ನಬಹುದು. ಆ ಮಾತು ಬರುವ ಮೊದಲೇ ಊರಿನ ನಾಲ್ಕು ಜನ ಹೋಗಿ ಮಾಲೀಕರ ಹತ್ತಿರ ಕೂತು ಮಾತಾಡಿ, ಶಾಲೆಯ ವರ್ಷ ಮುಗಿಯುವವರೆಗಾದರೂ ಮಕ್ಕಳು ಅಲ್ಲೇ ಇರುವ ಹಾಗೆ ನೋಡಿಕೊಳ್ಳಿ. ನಿಮ್ಮಲ್ಲಿ ಒಬ್ಬರು, ಒಬ್ಬರೇ, ಆರು ತಿಂಗಳು ಈ ಮನೆಯ ಜವಾಬ್ದಾರಿ ತೆಗೆದುಕೊಳ್ಳಿ. ಎಲ್ಲರ ಜವಾಬ್ದಾರಿ ಅಂದರೆ ಕೊನೆಗೆ ಯಾರೂ ಹೋಗುವುದಿಲ್ಲ.

ಹಬ್ಬ ಬಂದರೆ ನಮ್ಮ ಬೀದಿಗೆ ಕಿಟ್ ಹಂಚುವವರು ಬರುತ್ತಾರೆ. ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಅಮ್ಮ ಹಸಿದುಕೊಂಡಿರುತ್ತೇನೆ, ಅಲ್ಲಿ ಮಾತ್ರ ನಿಲ್ಲುವುದಿಲ್ಲ ಅನ್ನುತ್ತಾರೆ. ಸರಿ ಅಲ್ವಾ? (ಚಿಕ್ಕಮಗಳೂರು)

ನಿಮ್ಮ ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ತೆಗೆದುಕೊಳ್ಳುವವರ ಮುಖ ತೋರಿಸಿ ಮಾಡುವ ಸಹಾಯವನ್ನು ನಾನು ಒಪ್ಪುವುದಿಲ್ಲ. ದಾನಿಗಳಿಗೆ ಲೆಕ್ಕ ತೋರಿಸಬೇಕು ಅನ್ನುತ್ತಾರೆ. ಲೆಕ್ಕ ತೋರಿಸುವುದಕ್ಕೆ ಬಿಲ್ ಇದೆ, ಮುಖ ಯಾಕೆ ಬೇಕು? ಆ ಫೋಟೋ ನಾಳೆ ಮಗಳ ತರಗತಿಯ ಗ್ರೂಪಿಗೂ ಹೋಗುತ್ತದೆ.

ನಮ್ಮಲ್ಲಿ ಮಾಡುವುದು ಹೀಗೆ. ಒಂದು ಕಿರಾಣಿ ಅಂಗಡಿಯಲ್ಲಿ ಬಳಗದ ಖಾತೆ ಇದೆ. ಕಷ್ಟದಲ್ಲಿರುವ ಮನೆಯವರು ಎಲ್ಲರಂತೆ ಅಂಗಡಿಗೆ ಹೋಗಿ, ಬೇಕಾದ್ದನ್ನು ಕೇಳಿ ತರುತ್ತಾರೆ, ಅಂಗಡಿಯವರು ನಮ್ಮ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಇಂತಿಷ್ಟು ರೂಪಾಯಿವರೆಗೆ ಅಂತ ಮೊದಲೇ ಹೇಳಿರುತ್ತೇವೆ. ಪಕ್ಕದಲ್ಲಿ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ಇದರಿಂದ ಇನ್ನೊಂದು ಲಾಭ ಇದೆ. ಕಿಟ್‌ನಲ್ಲಿ ಐದು ಕೆಜಿ ಗೋಧಿ ಹಿಟ್ಟು ಹಾಕಿ ಕೊಡುತ್ತಾರೆ, ಆದರೆ ಕಡೂರು, ಅರಸೀಕೆರೆ ಕಡೆ ಮನೆಗೆ ಬೇಕಾದ್ದು ರಾಗಿ. ಒಬ್ಬರಿಗೆ ಸೋಪು ಮುಗಿದಿರುತ್ತದೆ, ಇನ್ನೊಬ್ಬರ ಮಗಳಿಗೆ ಪ್ಯಾಡ್ ಬೇಕಿರುತ್ತದೆ, ಅದನ್ನು ನಮ್ಮ ಹತ್ತಿರ ಬಾಯಿಬಿಟ್ಟು ಕೇಳುತ್ತಾರಾ? ಅಂಗಡಿಯಲ್ಲಾದರೆ ಸುಮ್ನೆ ತೆಗೆದುಕೊಂಡು ಹೋಗುತ್ತಾರೆ. ಏನು ತಗೊಂಡ್ರಿ ಅಂತ ನಾವು ಕೇಳುವುದಿಲ್ಲ.

ಗಂಡ ಕುಡಿದು ಹಾಳುಮಾಡುವ ಮನೆಗೂ ಸಹಾಯ ಮಾಡಬೇಕಾ? ನಾವು ಕೊಟ್ಟಿದ್ದೆಲ್ಲ ಬಾರಿಗೆ ಹೋಗುತ್ತದೆ ಅಂತ ನಮ್ಮ ಸಂಘದಲ್ಲಿ ಜಗಳವೇ ಆಗಿದೆ. (ಆಲೂರು)

ಮಾಡಬೇಕು. ಕುಡಿಯುವವನು ಅವನು, ಉಪವಾಸ ಇರುವವರು ಹೆಂಡತಿ ಮಕ್ಕಳು. ಆ ಮನೆಗೆ ಕೈಗೆ ದುಡ್ಡು ಕೊಡಬೇಡಿ, ಅಷ್ಟೇ. ಫೀಸನ್ನು ಶಾಲೆಗೆ ಕಟ್ಟಿ, ಔಷಧಿ ದುಡ್ಡನ್ನು ಮೆಡಿಕಲ್ ಶಾಪಿಗೆ ಕೊಡಿ, ದಿನಸಿಯನ್ನು ಅಂಗಡಿ ಲೆಕ್ಕಕ್ಕೆ ಹಾಕಿಸಿ. ಹೆಂಗಸು ದುಡಿಯುವವರಾದರೆ ಅವರ ಹೆಸರಿನಲ್ಲೇ ಬೇರೆ ಖಾತೆ ಇರಲಿ, ಎಟಿಎಂ ಕಾರ್ಡ್ ಅವರ ಹತ್ತಿರವೇ ಇರಲಿ. ಗೃಹಲಕ್ಷ್ಮಿಯ 2,000 ಯಾವ ಖಾತೆಗೆ ಬರುತ್ತಿದೆ, ಅದನ್ನು ತೆಗೆಯುವವರು ಯಾರು ಅಂತ ಮೆಲ್ಲಗೆ ವಿಚಾರಿಸಿ.

ಕುಡಿತ ಕೂಡ ಒಂದು ಕಾಯಿಲೆ, ಅದಕ್ಕೂ ಚಿಕಿತ್ಸೆ ಇದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ವಿಭಾಗಕ್ಕೆ ಕರೆದುಕೊಂಡು ಹೋಗಿ. ಬರಲು ಒಪ್ಪದಿದ್ದರೆ ಮನೆಯವರೇ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಏನು ಮಾಡಬೇಕು ಅಂತ ಕೇಳಬಹುದು, ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಹೊಡೆತ ಬಡಿತ ಇದ್ದರೆ ಮಾತ್ರ ಕಾಯಬೇಡಿ, 112ಕ್ಕೆ ಫೋನ್ ಮಾಡಿ.

ಪಕ್ಕದ ಮನೆಯವರು ನಾಲ್ಕು ಕಡೆ ಸಂಘದ ಸಾಲ ತೆಗೆದಿದ್ದಾರೆ. ವಸೂಲಿಗೆ ಬರುವವರು ರಾತ್ರಿವರೆಗೂ ಬಾಗಿಲಲ್ಲಿ ಕೂರುತ್ತಾರೆ. ನಾವು ಹಣ ಕೂಡಿಸಿ ಒಂದು ಸಾಲ ತೀರಿಸೋಣ ಅಂತಿದ್ದೇವೆ. (ಹೊಳೆನರಸೀಪುರ)

ಸ್ವಲ್ಪ ತಡೆಯಿರಿ. ನಾಲ್ಕರಲ್ಲಿ ಒಂದು ತೀರಿಸಿದರೆ ಉಳಿದ ಮೂವರು ಇನ್ನೂ ಜೋರಾಗಿ ಬಾಗಿಲು ಬಡಿಯುತ್ತಾರೆ, ನಿಮ್ಮ ಹಣವೂ ಮುಗಿದಿರುತ್ತದೆ. ಮೊದಲು ಎಲ್ಲ ಸಾಲವನ್ನೂ ಒಂದೇ ಹಾಳೆಯಲ್ಲಿ ಬರೆಸಿ: ಯಾರು ಕೊಟ್ಟಿದ್ದು, ಎಷ್ಟು, ವಾರಕ್ಕೆಷ್ಟು, ಕಟ್ಟಿದ್ದೆಷ್ಟು. ಬರೆದು ನೋಡಿದ ಮೇಲೇ ಎಷ್ಟೋ ಜನರಿಗೆ ತಮ್ಮ ಸಾಲದ ಅಂದಾಜು ಸಿಗುವುದು.

ಮೈಕ್ರೋಫೈನಾನ್ಸ್ ಕಂಪನಿ ಆರ್‌ಬಿಐ ಅಡಿಯಲ್ಲಿದ್ದರೆ, ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವ ಹಾಗಿಲ್ಲ, ಬೈಯುವ ಹಾಗಿಲ್ಲ, ನೆಂಟರಿಷ್ಟರಿಗೆ ಕಾಟ ಕೊಡುವ ಹಾಗಿಲ್ಲ. ಆ ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಜಾಸ್ತಿ ಕಂತಿಗೇ ಹೋಗುವಂತೆ ಸಾಲ ಕೊಡಬಾರದು ಅಂತಲೂ ನಿಯಮ ಇದೆ. ಮೊದಲು ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಿ. ಕೇಳದಿದ್ದರೆ ಆರ್‌ಬಿಐ ಸಹಾಯವಾಣಿ 14448 ಇದೆ. ನೋಂದಣಿ ಇಲ್ಲದೆ ಬಡ್ಡಿ ವ್ಯವಹಾರ ಮಾಡುವವರಾದರೆ 2025ರಲ್ಲಿ ನಮ್ಮ ರಾಜ್ಯ ತಂದ ಕಾನೂನು ಇದೆ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಠಾಣೆಗೆ ಆ ಹೆಂಗಸನ್ನು ಒಬ್ಬರನ್ನೇ ಕಳಿಸಬೇಡಿ, ಬೀದಿಯ ಹತ್ತು ಹೆಂಗಸರು ಜೊತೆಗೆ ಹೋಗಿ. ವಸೂಲಿಗೆ ಬಂದಾಗಲೂ ಅಷ್ಟೇ, ನೀವು ನಾಲ್ಕು ಜನ ಹೋಗಿ ಪಕ್ಕದಲ್ಲಿ ಕೂತರೆ ಅವರ ಮಾತಿನ ಧಾಟಿಯೇ ಬದಲಾಗುತ್ತದೆ.

ನೀವು ಕೂಡಿಸಿದ ಹಣವನ್ನು ಅವರ ಊಟಕ್ಕೂ ಮಕ್ಕಳ ಫೀಸಿಗೂ ಇಡಿ. ಮನೆಯ ಅವಮಾನ, ಸಾಲದ ಭಯ ಎರಡೂ ಸೇರಿದಾಗ ಜನ ಏನು ಬೇಕಾದರೂ ಮಾಡಿಕೊಳ್ಳುತ್ತಾರೆ. ಆದ್ದರಿಂದ ದಿನಾ ಒಂದು ಸಲ ಮಾತಾಡಿಸಿ, ತಪ್ಪಿಸಬೇಡಿ.

ನಮ್ಮೂರಲ್ಲಿ ಒಬ್ಬರು ಅಜ್ಜಿ ಒಬ್ಬರೇ ಇದ್ದಾರೆ, ಮಕ್ಕಳು ದೂರದ ಊರಲ್ಲಿ. ಮಳೆಗಾಲ ಬಂದರೆ ಭಯ ಆಗುತ್ತದೆ. (ಮೂಡಿಗೆರೆ ತಾಲೂಕು)

ಭಯ ಪಡುವುದಕ್ಕೆ ಕಾರಣ ಇದೆ. 2019ರ ಆಗಸ್ಟ್ ಮಳೆಯಲ್ಲಿ ನಿಮ್ಮ ತಾಲೂಕಿನಲ್ಲಿ ಗುಡ್ಡ ಕುಸಿದು ದಾರಿ ಕಡಿದು ಹೋಗಿದ್ದು ಎಲ್ಲರಿಗೂ ನೆನಪಿದೆ. ಮೇ ತಿಂಗಳಲ್ಲೇ ತಯಾರಿ ಮಾಡಿ. ಬಿಪಿ, ಶುಗರ್ ಮಾತ್ರೆ ಎರಡು ತಿಂಗಳಿಗೆ ಆಗುವಷ್ಟು ತಂದಿಡಿ, ಸೌದೆ ಒಣಗಿಸಿ ಒಳಗೆ ಹಾಕಿ, ಟಾರ್ಚ್ ಕೊಡಿ. ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ, ಫೋನ್ ನಂಬಿಕೊಂಡು ಕೂರಬೇಡಿ. ಸರದಿ ಹಾಕಿಕೊಂಡು ದಿನಾ ಒಬ್ಬರು ಮನೆಗೆ ಹೋಗಿ ಬನ್ನಿ. ಮನೆ ಹಿಂದೆ ದರೆ (ಕಡಿದಾದ ಮಣ್ಣಿನ ದಿಣ್ಣೆ) ಇದ್ದರೆ ಜೋರು ಮಳೆಯ ರಾತ್ರಿ ನಿಮ್ಮ ಮನೆಗೇ ಕರೆದುಕೊಂಡು ಬನ್ನಿ, ಬರಲ್ಲ ಅಂದರೂ ಬಿಡಬೇಡಿ. ಆಶಾ ಕಾರ್ಯಕರ್ತೆಗೆ ಅಜ್ಜಿಯ ವಿಷಯ ತಿಳಿಸಿಡಿ. 65 ದಾಟಿದ್ದು, ಆದಾಯ ಇಲ್ಲದವರಾದರೆ ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಮಕ್ಕಳಿಗೆ ನೀವೇ ಒಮ್ಮೆ ಫೋನ್ ಮಾಡಿ. ಬೈಯಬೇಡಿ, ಇರುವ ಪರಿಸ್ಥಿತಿ ಹೇಳಿ ಸಾಕು.

ನಾವು ಗೆಳೆಯರು ಸೇರಿ ಸಂಘ ನೋಂದಣಿ ಮಾಡಿಸಬೇಕಾ? ರಸೀದಿ ಕೇಳುತ್ತಾರೆ. (ಅರಸೀಕೆರೆ)

ಮೊದಲು ಒಂದು ವರ್ಷ ಕೆಲಸ ಮಾಡಿ ನೋಡಿ. ಜೊತೆಗೆ ಉಳಿಯುವವರು ಯಾರು ಅಂತ ಆಗ ಗೊತ್ತಾಗುತ್ತದೆ. ಆಮೇಲೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಲ್ಲಿ ನೋಂದಣಿ ಮಾಡಿಸಬಹುದು, ಕನಿಷ್ಠ ಏಳು ಜನ ಬೇಕು. ದಾನಿಗಳು ಕೇಳುವ 80ಜಿ ತೆರಿಗೆ ವಿನಾಯಿತಿಗೆ ಬೇರೆ ಅರ್ಜಿ ಇದೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ವಿನಾಯಿತಿ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಇಲ್ಲ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ. ಪ್ರತಿ ತಿಂಗಳ ಜಮಾ ಖರ್ಚನ್ನು ಕೊಟ್ಟವರಿಗೆಲ್ಲ ತೋರಿಸಿ, ಆದರೆ ತೆಗೆದುಕೊಂಡವರ ಹೆಸರು ಅದರಲ್ಲಿ ಬರಬಾರದು.

ನಾನು ಬಿಕಾಂ ಓದುತ್ತಿದ್ದೇನೆ. ಕೊಡಲು ದುಡ್ಡಿಲ್ಲ. ನನ್ನಿಂದ ಏನಾದರೂ ಆಗುತ್ತದಾ ಅಕ್ಕ? (ಹಾಸನ)

ನಿಮ್ಮಂಥವರೇ ನಮಗೆ ಕಡಿಮೆ ಇರುವುದು. ಹಾಸನದ ಹಿಮ್ಸ್ ಆಸ್ಪತ್ರೆಗೆ ಹಳ್ಳಿಯಿಂದ ಬಂದವರು ಚೀಟಿ ಎಲ್ಲಿ, ಸ್ಕ್ಯಾನಿಂಗ್ ಎಲ್ಲಿ ಅಂತ ಗೊತ್ತಾಗದೆ ಅರ್ಧ ದಿನ ಕಳೆಯುತ್ತಾರೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಎಪಿಎಲ್ ಆದರೆ ವೆಚ್ಚದ ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ. ಆದರೆ ಆಧಾರ್, ರೇಷನ್ ಕಾರ್ಡ್ ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ, ರೆಫರಲ್ ಚೀಟಿ ಕೇಳುವುದು ಗೊತ್ತಿರುವುದಿಲ್ಲ. ಈ ಯೋಜನೆಗೆ ಸಹಾಯ ಮಾಡುವ ಆರೋಗ್ಯಮಿತ್ರ ಕೂರುವ ಜಾಗಕ್ಕೆ ಕರೆದುಕೊಂಡು ಹೋಗಿ ಮಾತಾಡಿಸಿದರೂ ದೊಡ್ಡ ಸಹಾಯ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಿದರೆ ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವವರಿಗೂ ರಿಯಾಯಿತಿ ಇದೆ ಅಂತ ಹೇಳಿ, ಅದರ ಫಾರಂಗೆ ಆಸ್ಪತ್ರೆಯ ಸಹಿ ಹಾಕಿಸಬೇಕು.

ಆಸ್ಪತ್ರೆ ಬೇಡ ಅನ್ನಿಸಿದರೆ ವಿದ್ಯಾರ್ಥಿವೇತನದ ಅರ್ಜಿ ಇದೆ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಜಾತಿ ಆದಾಯ ಪತ್ರದ ನಂಬರ್ ತಪ್ಪಾಗಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದೆ ಎಷ್ಟೋ ಮಕ್ಕಳ ದುಡ್ಡು ನಿಂತಿರುತ್ತದೆ. ನಿಮ್ಮ ಬೀದಿಯ ಮಕ್ಕಳದ್ದನ್ನು ಕೂತು ಸರಿಮಾಡಿಕೊಡಿ. ಪತ್ರಿಕೆಯ ವಿಳಾಸಕ್ಕೆ ಬರೆಯಿರಿ, ಮೊದಲ ಸಲ ನಮ್ಮ ಬಳಗದವರೊಬ್ಬರು ಜೊತೆಗೆ ಬರುತ್ತಾರೆ. ಪರೀಕ್ಷೆ ಇದ್ದಾಗ ಮೊದಲೇ ಹೇಳಿ, ಆ ವಾರ ಬೇರೆಯವರನ್ನು ಕಳಿಸುತ್ತೇವೆ.