ಅರಿಸ್ಟಾಟಲ್ ಹೆಸರಲ್ಲಿ ಬಂದ ಪ್ಲೇಟೊ

ಪ್ರಶ್ನೆ: ಮಧ್ಯಯುಗದ ಯುರೋಪಿನಲ್ಲಿ ಅರಿಸ್ಟಾಟಲ್‌ನದೇ ದರ್ಬಾರು ಎಂದು ಓದಿದ್ದೇನೆ. ಪ್ಲೇಟೊನ ಪುಸ್ತಕಗಳು ಅಲ್ಲಿ ಸಿಗುತ್ತಿದ್ದದ್ದೇ ಕಡಿಮೆಯಂತೆ. ಹಾಗಿದ್ದರೂ ಪ್ಲೇಟೊ ಪಂಥದ ಪ್ರಭಾವ ದೊಡ್ಡದು ಅನ್ನುತ್ತಾರಲ್ಲ, ಹೇಗೆ?

ಉತ್ತರ: ನೀವು ಓದಿದ್ದು ಸರಿಯೇ. ಲ್ಯಾಟಿನ್ ಓದುಗರ ಕೈಯಲ್ಲಿ ಬಹುಕಾಲ ಇದ್ದದ್ದು ಮುಖ್ಯವಾಗಿ ಪ್ಲೇಟೊನ ‘ಟಿಮೇಯಸ್’ ಎಂಬ ಒಂದೇ ಪುಸ್ತಕ, ಅದೂ ಅರ್ಧಂಬರ್ಧ. ಆದರೆ ಪ್ಲೇಟೊ ತೀರಿಕೊಂಡು ಎಷ್ಟೋ ಶತಮಾನಗಳ ಮೇಲೆ ಅವನ ವಿಚಾರವನ್ನು ಬೆಳೆಸಿದ ಪ್ಲೊಟೈನಸ್, ಪ್ರೋಕ್ಲಸ್ ಮೊದಲಾದವರ ವಿಚಾರಗಳು ಅಲ್ಲಿಗೆ ಬಂದವು. ಎಷ್ಟೋ ಸಲ ಬೇರೆಯವರ ಹೆಸರಲ್ಲಿ ಬಂದವು.

ಒಂದು ಪುಸ್ತಕದ ಕಥೆ ಹೇಳುತ್ತೇನೆ. ಪ್ರೋಕ್ಲಸ್ ಅಥೆನ್ಸ್‌ನಲ್ಲಿ ಪಾಠ ಹೇಳುತ್ತಿದ್ದವನು, 485ರಲ್ಲಿ ತೀರಿಕೊಂಡ. ದೈವತತ್ವದ ಬಗ್ಗೆ ಅವನು ಬರೆದ ಪುಸ್ತಕ ನಮ್ಮ ಶಾಲೆಯ ರೇಖಾಗಣಿತದ ಥರ ಇದೆ. 211 ಪ್ರಮೇಯಗಳು, ಒಂದೊಂದಕ್ಕೂ ಸಾಧನೆ. ಒಂಬತ್ತನೇ ಶತಮಾನದಲ್ಲಿ, ಬಹುಶಃ ಬಾಗ್ದಾದಿನ ತತ್ವಜ್ಞಾನಿ ಅಲ್-ಕಿಂದಿಯ ಬಳಗದಲ್ಲಿ, ಯಾರೋ ಅದರಿಂದ ಆಯ್ದು ಅರಬ್ಬಿಯಲ್ಲಿ ಒಂದು ಚಿಕ್ಕ ಪುಸ್ತಕ ಮಾಡಿದರು. ಪ್ರೋಕ್ಲಸ್ ಹಲವು ದೇವತೆಗಳನ್ನು ನಂಬಿದವನು. ಈ ಪುಸ್ತಕದಲ್ಲಿ ಸೃಷ್ಟಿ ಮಾಡುವವನು ಒಬ್ಬನೇ.

ಹನ್ನೆರಡನೇ ಶತಮಾನದಲ್ಲಿ ಸ್ಪೇನಿನ ಟೊಲೆಡೊದಲ್ಲಿ ಕ್ರೆಮೋನಾದ ಜೆರಾರ್ಡ್ ಇದನ್ನು ಲ್ಯಾಟಿನ್‌ಗೆ ತಂದ. ‘ಕಾರಣಗಳ ಪುಸ್ತಕ’ ಎಂದು ಹೆಸರಾಯಿತು. ಅರಿಸ್ಟಾಟಲ್ ಬರೆದದ್ದು ಎಂದು ಜನ ನಂಬಿದರು. 1255ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯದ ಕಲಾ ವಿಭಾಗ ಅರಿಸ್ಟಾಟಲ್‌ನ ಪುಸ್ತಕಗಳ ಜೊತೆ ಇದನ್ನೂ ಪಠ್ಯಕ್ಕೆ ಸೇರಿಸಿತು!

ಅದರ ಮೊದಲ ಮಾತನ್ನೇ ನೋಡಿ. ಹತ್ತಿರದ ಕಾರಣಕ್ಕಿಂತ ಎಲ್ಲಕ್ಕೂ ಮೊದಲಿನ ಕಾರಣದ ಪ್ರಭಾವವೇ ಜಾಸ್ತಿ ಎನ್ನುತ್ತದೆ. ಉದಾಹರಣೆ ಮನುಷ್ಯ. ಅವನು ಮೊದಲು ಇರಬೇಕು, ಆಮೇಲೆ ಜೀವ, ಆಮೇಲೆ ಬುದ್ಧಿ. ಬುದ್ಧಿ ಹೋದರೂ ಜೀವ ಉಳಿಯಬಹುದು. ಜೀವ ಹೋದರೂ ದೇಹ ಅಂತ ಒಂದು ಇದ್ದೇ ಇರುತ್ತದೆ. ಆ ಇರುವಿಕೆಯೇ ಹೋದರೆ? ಏನೂ ಇಲ್ಲ. ಹಾಗಾಗಿ ಇರುವಿಕೆ ಕೊಟ್ಟ ಕಾರಣ ಎಲ್ಲಕ್ಕಿಂತ ಆಳದಲ್ಲಿ ಕೆಲಸ ಮಾಡುತ್ತದೆ. ದೇವರು ಪ್ರತಿ ವಸ್ತುವಿನ ಒಳಗೂ ಇದ್ದಾನೆ ಎಂದು ವಿವರಿಸಬೇಕಿದ್ದ ಕ್ರೈಸ್ತ ಪಂಡಿತರಿಗೆ ಇದು ಎಷ್ಟು ಬೇಕಾದ ಮಾತು, ಅಲ್ವಾ?

1268ರಲ್ಲಿ ಮೊರ್ಬೆಕೆಯ ವಿಲಿಯಂ ಪ್ರೋಕ್ಲಸ್‌ನ ಮೂಲ ಗ್ರೀಕ್ ಪುಸ್ತಕವನ್ನೇ ಲ್ಯಾಟಿನ್‌ಗೆ ಅನುವಾದಿಸಿದ. ಆ ಕಾಲದ ದೊಡ್ಡ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ. ‘ಕಾರಣಗಳ ಪುಸ್ತಕ’ ಯಾರೋ ಅರಬ್ಬಿ ತತ್ವಜ್ಞಾನಿ ಪ್ರೋಕ್ಲಸ್‌ನಿಂದ ಆಯ್ದದ್ದು ಎಂದು ಸುಮಾರು 1272ರಲ್ಲಿ ಬರೆದ. ಹೆಸರು ಸುಳ್ಳು ಎಂದು ಗೊತ್ತಾದರೂ ಪುಸ್ತಕವನ್ನು ಮೂಲೆಗೆ ಎಸೆಯಲಿಲ್ಲ. ಪೂರ್ತಿ ವ್ಯಾಖ್ಯಾನ ಬರೆದ. ನನಗೆ ಅವನ ಮೇಲೆ ಗೌರವ ಹೆಚ್ಚಿದ್ದು ಇಲ್ಲೇ.

ಆ ವ್ಯಾಖ್ಯಾನದಲ್ಲಿ ಇನ್ನೊಂದು ವಿಷಯ ಇದೆ. ಪ್ರೋಕ್ಲಸ್ ತಪ್ಪಿದ್ದಾನೆ ಅನ್ನಿಸಿದ ಕಡೆ ಅಕ್ವಿನಾಸ್ ಡಯೊನಿಸಿಯಸ್‌ನ ಮಾತು ಹಿಡಿದು ತಿದ್ದುತ್ತಾನೆ. ಡಯೊನಿಸಿಯಸ್ ಎಂದರೆ ಸಂತ ಪೌಲನ ಅಥೆನ್ಸಿನ ಶಿಷ್ಯ, ಮೊದಲ ಶತಮಾನದವನು ಎಂದು ಆಗ ಎಲ್ಲರ ನಂಬಿಕೆ. 1895ರಲ್ಲಿ ಇಬ್ಬರು ವಿದ್ವಾಂಸರು ಬೇರೆಬೇರೆಯಾಗಿ ಅವನ ಬರಹಗಳನ್ನು ಪರೀಕ್ಷಿಸಿದರು. ಕೆಡುಕು ಎಲ್ಲಿಂದ ಬರುತ್ತದೆ ಎಂದು ಅವನು ಚರ್ಚಿಸುವ ಭಾಗ ಪ್ರೋಕ್ಲಸ್‌ನಿಂದಲೇ ತೆಗೆದದ್ದು ಎಂದು ತೋರಿಸಿದರು.